ಗೇಟಿನೊಳಗೆ ಮಗಳಿಲ್ಲ

ಬೆಳಗಿನ ಮಂಜಿನಲ್ಲಿ ವಿಶ್ವವಿದ್ಯಾಲಯದ ಮೈದಾನಕ್ಕೆ ಮೊದಲು ಕೊನೆ ಎಂಬುದೇ ಇರುವುದಿಲ್ಲ. ಸುಣ್ಣದ ಮಾಮನಿಗೆ ಇಷ್ಟವಾಗುವ ಹೊತ್ತೂ ಅದೇ. ಎರಡು ಗೂಟ ನೆಟ್ಟು, ನಡುವೆ ಹುರಿ ಬಿಗಿದು, ಸುಣ್ಣದ ಪುಡಿ ತುಂಬಿದ ಚಕ್ರದ ಡಬ್ಬಿಯನ್ನು ತಳ್ಳಿಕೊಂಡು ಹೊರಟನೆಂದರೆ ಹತ್ತು ಹೆಜ್ಜೆಗೆ ಹಿಂದಿನ ಗೂಟ ಮಾಯ, ಮುಂದಿನದು ಇನ್ನೂ ಕಣ್ಣಿಗೆ ಬಿದ್ದಿಲ್ಲ. ನಡುವೆ ಅವನೊಬ್ಬ, ಅವನ ಬಿಳಿ ಗೆರೆಯೊಂದು. ನಿದ್ದೆಯಲ್ಲಿ ನಡೆಯುತ್ತಿದ್ದೇನೋ, ನಡೆಯುತ್ತಲೇ ನಿದ್ದೆ ಮಾಡುತ್ತಿದ್ದೇನೋ ಎಂಬ ಅನುಮಾನ ಬಂದು ಎಷ್ಟೋ ಸಲ ನೆಲಕ್ಕೆ ಕಾಲು ಅಪ್ಪಳಿಸಿ ನೋಡಿಕೊಂಡದ್ದುಂಟು. ಇಪ್ಪತ್ತಾರು ವರ್ಷದಲ್ಲಿ ಅವನ ಗೆರೆ ಮಾತ್ರ ಒಮ್ಮೆಯೂ ಡೊಂಕಾಗಿರಲಿಲ್ಲ.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು, ಯಾರೂ ಎಬ್ಬಿಸಲು ಹೋಗುತ್ತಿರಲಿಲ್ಲ. ಕುಲಪತಿಗಳಿಂದ ಹಿಡಿದು ನಿನ್ನೆ ಮೊನ್ನೆ ಸೇರಿದ ಹುಡುಗರವರೆಗೆ ಎಲ್ಲರಿಗೂ ಅವನು ಸುಣ್ಣದ ಮಾಮ. ಗಣಿತ ವಿಭಾಗದ ಕಿರಿಯ ಮೇಡಂ ಕೂಡ ಹಾಗೆಯೇ ಕರೆಯುತ್ತಿದ್ದಳು. ಆಕೆ ಅವನ ಸ್ವಂತ ಮಗಳು, ಇದ್ದೊಬ್ಬ ಮಗಳು. ಹೆತ್ತ ಮಗಳ ಬಾಯಲ್ಲಿ ಮಾಮ ಅನ್ನಿಸಿಕೊಂಡ ಭಾಗ್ಯವಂತ ಅವನೊಬ್ಬನೇ ಇರಬೇಕು. ತಪ್ಪು ಅವಳದಲ್ಲ. ಆ ನಿಯಮ ಮಾಡಿದವನೇ ಅವನು.

ಹನ್ನೊಂದು ವರ್ಷದ ಹಿಂದೆ ಅವಳು ಅಲ್ಲಿಗೆ ಓದಲು ಸೇರಿದ ದಿನ, ಬಸ್ಸಿನಲ್ಲಿ ಪಕ್ಕ ಕೂತಿದ್ದವಳ ಕಿವಿಯಲ್ಲಿ ಹೇಳಿದ್ದ. “ನೋಡು ಗುಬ್ಬಿ, ಗೇಟಿನ ಹೊರಗೆ ನೀನು ನನ್ನ ಮಗಳು. ಒಳಗೆ ನಾನು ಯಾರೋ, ನೀನು ಯಾರೋ.”

“ಯಾಕಪ್ಪ?”

“ಯಾಕೆ ಗೀಕೆ ಎಲ್ಲ ಬೇಡ. ಹೇಳಿದಷ್ಟು ಕೇಳು.”

ಯಾಕೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೋಟದ ಮಾಲಿಯ ಮಗ ಅಲ್ಲೇ ಓದಿದ್ದ, ಜಾಣ ಹುಡುಗ. ನಾಲ್ಕು ವರ್ಷವೂ ಮಾಲಿ ಮಗ ಎಂಬುದು ಬಿಟ್ಟರೆ ಅವನಿಗೆ ಬೇರೆ ಹೆಸರೇ ಇರಲಿಲ್ಲ. ಹೆಚ್ಚು ಅಂಕ ಬಂದರೆ “ಮಾಲಿ ಮಗನಿಗೆ ಯಾರೋ ನೀರು ಹಾಕಿದ್ದಾರೆ” ಎಂದು ಗುಮಾಸ್ತರು ಚಹಾ ಕುಡಿಯುತ್ತ ನಗುತ್ತಿದ್ದರು. ಸುಣ್ಣದ ಮಾಮ ಅವರ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು, ತನ್ನ ಲೋಟ ತೊಳೆದಿಟ್ಟು ಎದ್ದು ಬಂದಿದ್ದ. ನನ್ನ ಗುಬ್ಬಿಗೆ ಮಾತ್ರ ಈ ಸುಣ್ಣ ಮೆತ್ತಬಾರದು ಎಂದು ಅವತ್ತೇ ನಿಶ್ಚಯ ಮಾಡಿದ.

ಅಲ್ಲಿಂದ ಶುರುವಾಯಿತು ನಾಟಕ. ಒಂದೇ ಬಸ್ಸು ಹತ್ತುವುದು, ಅವನು ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬರುವುದು. ಮೊದಮೊದಲು ಇಬ್ಬರಿಗೂ ಮಜವಾಗಿತ್ತು. ಸಂಜೆ ಮನೆಯಲ್ಲಿ ಅವಳು, “ಇವತ್ತು ಮೈದಾನದಲ್ಲಿ ಯಾರೋ ಬಾಯಿ ತೆರ್ಕೊಂಡು ಮಲಗಿದ್ರಪ್ಪ, ನೊಣ ಒಳಗೆ ಹೋಗಿ ವಾಪಸ್ಸೂ ಬಂತು” ಎನ್ನುವಳು. ಇವನು, “ನಮ್ಮಲ್ಲಿ ಯಾರೋ ಹುಡುಗಿ ಗ್ರಂಥಾಲಯಕ್ಕೆ ಓಡೋ ರಭಸಕ್ಕೆ ಚಪ್ಪಲಿ ಹಿಂದೆ ಬಿಟ್ಟು ಹೋದಳು” ಎನ್ನುವನು. ಅವನ ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕುತ್ತ ಇಬ್ಬರನ್ನೂ ನೋಡಿ, “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು ನಿಮ್ಮ ಕಥೆ” ಎಂದು ಮೂಗು ಮುರಿಯುವಳು.

ಮಗಳು ಓದು ಮುಗಿಸಿ, ಮತ್ತೆ ಓದಿ, ಅಲ್ಲೇ ಮೇಡಂ ಆಗಿ ನಾಲ್ಕು ವರ್ಷವಾದರೂ ನಿಯಮ ಹಾಗೆಯೇ ಉಳಿಯಿತು. ಅವಳು ತಮಾಷೆ ಮಾಡುವುದನ್ನು ಯಾವಾಗ ನಿಲ್ಲಿಸಿದಳೋ ಅವನಿಗೆ ನೆನಪಿಲ್ಲ. ನಿಯಮ ಮಾತ್ರ ಅವನ ಮೈಗೆ ಎಷ್ಟು ಒಗ್ಗಿತ್ತೆಂದರೆ, ಗೇಟು ದಾಟಿದ ಕೂಡಲೇ ಮಕ್ಕಳಿಲ್ಲದ ಮನುಷ್ಯನೊಬ್ಬ ಅವನೊಳಗೆ ಬಂದು ಕೂರುತ್ತಿದ್ದ. ಮಂಜಿನಲ್ಲಿ ಮೈದಾನದಾಚೆ ಪುಸ್ತಕಗಳನ್ನು ಎದೆಗವಚಿಕೊಂಡು ಬಿರಬಿರನೆ ನಡೆದುಹೋಗುವ ಹೆಣ್ಣೊಬ್ಬಳು ಕಂಡರೆ, ಯಾರ ಮಗಳೋ ಏನೋ, ಹೆತ್ತವರು ಪುಣ್ಯವಂತರು ಎಂದುಕೊಳ್ಳುತ್ತಿದ್ದ. ಅರ್ಧ ಗೆರೆ ಎಳೆದ ಮೇಲೆ ನೆನಪಾಗಿ, ಒಬ್ಬನೇ ನಕ್ಕು, ಮತ್ತೆ ಡಬ್ಬಿ ತಳ್ಳುತ್ತಿದ್ದ. ಅಂಥ ಸುಖದಲ್ಲಿ ಸ್ವಲ್ಪ ದುಃಖವೂ ಬೆರೆತಿತ್ತು, ಆದರೆ ಅದನ್ನು ಅವನು ಒಪ್ಪಿಕೊಳ್ಳುವವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು.

ಆ ವರ್ಷ ಒಂದು ಸುತ್ತೋಲೆ ಬಂತು. ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ತರಬೇತಿ, ಮೂರು ದಿನ, ಕುಲಪತಿಗಳಿಂದ ಮಾಲಿಯವರೆಗೆ ಎಲ್ಲರೂ ಕಡ್ಡಾಯವಾಗಿ ಬರಬೇಕು. ಸುತ್ತೋಲೆ ಓದಿದವರಲ್ಲಿ ಅರ್ಧ ಜನ ಆಕಳಿಸಿದರು, ಇನ್ನರ್ಧ ಜನ ಚಹಾ ಕೊಡುತ್ತಾರೋ ಎಂದು ವಿಚಾರಿಸಿದರು. ಏರ್ಪಾಟಿನ ಹೊಣೆ ಎಲ್ಲರಿಗಿಂತ ಕಿರಿಯಳೆಂದು ಗಣಿತದ ಮೇಡಂ ತಲೆಗೆ ಬಂತು. ಎರಡು ದಿನ ಸಭಾಂಗಣದಲ್ಲಿ ಭಾಷಣ, ಚಿತ್ರ, ಚರ್ಚೆ ಎಲ್ಲ ಮುಗಿದವು. ಸುಣ್ಣದ ಮಾಮ ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಸೊಗಸಾಗಿ ತೂಕಡಿಸಿದ.

ಎರಡನೆಯ ದಿನ ಮಧ್ಯಾಹ್ನ ಮೈದಾನದ ಮೂಲೆಯಲ್ಲಿರುವ ಅವನ ಸಾಮಾನು ಕೋಣೆಗೆ ಮಗಳು ತರಬೇತಿಯವನನ್ನು ಕರೆದುಕೊಂಡು ಬಂದಳು. ಹೊರಗಿನಿಂದ ಬಂದ ಯುವಕ, ಎಷ್ಟು ಮೆತ್ತನೆಯ ದನಿಯೆಂದರೆ ಕೇಳಬೇಕಾದವರು ಉಸಿರು ಹಿಡಿದು ನಿಲ್ಲಬೇಕು.

“ಮಾಮ, ಇವರಿಗೆ ನಾಳೆ ಮೈದಾನದಲ್ಲಿ ಗೆರೆ ಬೇಕಂತೆ” ಎಂದಳು ಮಗಳು, ಗೋಡೆಯ ಮೇಲಿನ ಸನಿಕೆಯನ್ನು ನೋಡುತ್ತ.

“ಎಲ್ಲರೂ ಓಟಕ್ಕೆ ನಿಂತ ಹಾಗೆ ನಿಲ್ತಾರೆ” ಎಂದ ಯುವಕ. “ನಾನು ಒಂದೊಂದೇ ಪ್ರಶ್ನೆ ಓದ್ತೀನಿ. ಅನುಕೂಲ ಇದ್ದವರು ಒಂದು ಹೆಜ್ಜೆ ಮುಂದೆ, ಇಲ್ಲದವರು ಅಲ್ಲೇ. ಕೆಲವಕ್ಕೆ ಹಿಂದೆ. ಬದುಕಿನ ಓಟದಲ್ಲಿ ಎಲ್ಲರೂ ಒಂದೇ ಜಾಗದಿಂದ ಹೊರಡಲ್ಲ ಅನ್ನೋದು ಅವರ ಕಣ್ಣಿಗೇ ಕಾಣಬೇಕು. ಅದಕ್ಕೆ ತಕ್ಕ ಹಾಗೆ ಹೊರಡೋ ಗೆರೆ ಹಾಕಿಕೊಡಿ.”

“ಅಷ್ಟೇ ತಾನೆ? ಆಯ್ತು ಬಿಡಿ ಸ್ವಾಮಿ” ಎಂದ ಸುಣ್ಣದ ಮಾಮ. ಓಟ, ಬೇರೆ ಬೇರೆ ಜಾಗ, ಹೊರಡುವ ಗೆರೆ. ಇಪ್ಪತ್ತಾರು ವರ್ಷದಿಂದ ಅವನು ಮಾಡಿಕೊಂಡು ಬಂದದ್ದೂ ಅದನ್ನೇ.

ಸಂಜೆ ಮನೆಯಲ್ಲಿ ಮಗಳು ಒಂದು ಹಾಳೆ ತಂದು ಅವನ ಮುಂದಿಟ್ಟಳು. ಮರುದಿನದ ಪ್ರಶ್ನೆಗಳ ಪಟ್ಟಿ. ಹದಿನಾಲ್ಕನೆಯದರ ಮೇಲೆ ಬೆರಳಿಟ್ಟು ಅವಳೇ ಓದಿದಳು: ತಮ್ಮವರು ಯಾರೆಂಬುದನ್ನು ಈ ಜಾಗದಲ್ಲಿ ಬಚ್ಚಿಟ್ಟವರು ಒಂದು ಹೆಜ್ಜೆ ಹಿಂದೆ ಹೋಗಿ.

“ನಾಳೆ ನೀನು ಹೇಳಬೇಕಪ್ಪ” ಎಂದಳು.

ಅವನು ಹಾಳೆಯನ್ನು ಅತ್ತ ಸರಿಸಿದ. “ಏನು ಹೇಳಬೇಕು?”

“ನಾನು ನಿನ್ನ ಮಗಳು ಅಂತ. ನೀನು ಮಾಡಿದ ನಿಯಮ, ನೀನೇ ತೆಗೀಬೇಕು. ನಾನಾಗಿ ಹೇಳಲ್ಲ.”

“ತಲೆ ಕೆಟ್ಟಿದೆಯಾ ನಿನಗೆ? ನಾಳೆಯಿಂದ ಸುಣ್ಣದವನ ಮಗಳು ಪಾಠ ಮಾಡ್ತಾಳೆ ಅಂತಾರೆ. ಓಟದಲ್ಲಿ ಹೊರಗಿನ ಸಾಲಿನವನಿಗೆ ನಾನು ನಾಲ್ಕು ಹೆಜ್ಜೆ ಮುಂದೆ ಗೆರೆ ಹಾಕ್ತೀನಿ ನೋಡು, ನಿನಗೂ ಅದನ್ನೇ ಮಾಡಿದ್ದು. ನಾನು ನಿನ್ನ ಕಾಲಿಗೆ ತೊಡರಿಕೊಳ್ಳದೆ ಇದ್ದದ್ದಕ್ಕೆ ನೀನು ಮುಂದೆ ಹೋದದ್ದು.”

ಮಗಳು ಚೀಲದಿಂದ ಒಂದು ಕಾಗದ ತೆಗೆದಳು. ದೂರದ ಇನ್ನೊಂದು ವಿಶ್ವವಿದ್ಯಾಲಯದ್ದು. ಅಲ್ಲಿ ಅವಳಿಗೆ ಕೆಲಸ ಕೊಟ್ಟಿದ್ದರು. ಬರುತ್ತೀಯೋ ಇಲ್ಲವೋ ಎಂದು ನಾಳೆ ಸಂಜೆಯೊಳಗೆ ತಿಳಿಸಬೇಕಿತ್ತು.

“ಅಲ್ಲಿಗೆ ಹೋಗೋ ಆಸೆ ನನಗೇನಿಲ್ಲ” ಎಂದಳು. “ಆದರೆ ಅಲ್ಲಿ ನೀನು ಇರೋದೇ ಇಲ್ಲ. ಎದುರಿಗೇ ಇರೋ ಅಪ್ಪನ್ನ ದಿನಾ ಇಲ್ಲ ಅಂದ್ಕೊಳ್ಳೋ ಕೆಲಸ ತಪ್ಪುತ್ತೆ. ನನಗೆ ಸಾಕಾಗಿದೆ ಅಪ್ಪ.”

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿ ನಿಲ್ಲಿಸಿದಳು. “ಇರೋ ಒಬ್ಬಳನ್ನ ಓಡಿಸ್ತೀರಾ, ಅದೊಂದು ಬಾಕಿ ಇತ್ತು ನೋಡಿ” ಎಂದು ಒಳಗೆ ಹೋದಳು. ಸುಣ್ಣದ ಮಾಮ ಮನಸ್ಸಿನಲ್ಲೇ ಒಂದು ಉಪಾಯ ಹೂಡಿದ. ಬೆಳಗ್ಗೆ ಬೇಗ ಹೋಗಿ ಗೆರೆ ಎಳೆದು, ಸಾಮಾನು ಕೋಣೆಯೊಳಗೆ ಸೇರಿ ಬಾಗಿಲು ಹಾಕಿಕೊಂಡುಬಿಡುವುದು. ಇನ್ನೂರು ಜನರ ನಡುವೆ ಅವನೊಬ್ಬ ಇಲ್ಲದಿದ್ದರೆ ಯಾರು ಕೇಳುತ್ತಾರೆ?

ಮರುದಿನ ಮಂಜು ಎಂದಿಗಿಂತ ದಟ್ಟವಾಗಿತ್ತು. ಅವನು ಬಹಳ ಶ್ರದ್ಧೆಯಿಂದ ಗೆರೆ ಎಳೆದ. ಕೈ ಕೆಲಸದಲ್ಲಿದ್ದರೂ ಮನಸ್ಸು ಎಲ್ಲೆಲ್ಲೋ ತೇಲುತ್ತಿತ್ತು. ಮಂಜಿನೊಳಗಿನಿಂದ ಒಂದು ರೈಲು ಬಂದಂತೆ, ಅದರ ಕಿಟಕಿಯಲ್ಲಿ ಕೂತ ಗುಬ್ಬಿ ತನ್ನನ್ನು ನೋಡಿಯೂ ನೋಡದಂತೆ ಮುಖ ತಿರುಗಿಸಿದಂತೆ ಕಂಡಿತು. ನಾನೇ ಕಲಿಸಿದ್ದಲ್ಲವೇ ಎಂದುಕೊಂಡು ಕಣ್ಣುಜ್ಜಿಕೊಂಡ. ಕಣ್ಣಿಗೆ ಸುಣ್ಣ ಹೋಗಿ ನೀರು ಬಂತು. ಬರೀ ಸುಣ್ಣಕ್ಕೆ ಅಷ್ಟು ನೀರು ಬರುವುದಿಲ್ಲ.

ಹತ್ತು ಗಂಟೆಗೆ ಜನ ಸೇರಿದರು. ಮಂಜು ತೆಳುವಾಗಿತ್ತೇ ಹೊರತು ಹೋಗಿರಲಿಲ್ಲ. ಸಾಮಾನು ಕೋಣೆಯ ಕತ್ತಲಲ್ಲಿ ಕೂತಿದ್ದವನಿಗೆ ಹೊರಗೆ ಗಲಾಟೆ ಕೇಳಿಸಿತು, ಆಮೇಲೆ ನಗು. “ಸುಣ್ಣದ ಮಾಮನ್ನ ಕರೀರಿ!” ಎಂದು ಯಾರೋ ಕೂಗಿದರು. ಗೇಟಿನ ಕಾವಲುಗಾರ, ಅವನ ಹಳೆಯ ಗೆಳೆಯ, ಬಂದು ಬಾಗಿಲು ಬಡಿದು ಕೈ ಹಿಡಿದು ಎಳೆದುಕೊಂಡೇ ಹೋದ. ಉಪಾಯ ಅಲ್ಲಿಗೆ ಮಣ್ಣುಪಾಲಾಯಿತು.

ಸಂಗತಿ ಇಷ್ಟೇ. ತರಬೇತಿಯವನಿಗೆ ಬೇಕಾಗಿದ್ದದ್ದು ಎಲ್ಲರೂ ಸಾಲಾಗಿ ನಿಲ್ಲಲು ಉದ್ದನೆಯ ಒಂದೇ ಒಂದು ಗೆರೆ. ಅಲ್ಲಿದ್ದದ್ದು ಎಂಟು ತುಂಡು ಗೆರೆಗಳು, ಒಂದಕ್ಕಿಂತ ಒಂದು ಮುಂದೆ, ಮೆಟ್ಟಿಲಿನ ಹಾಗೆ. ಒಳಗಿನ ಸಾಲಿನವರು ಎಲ್ಲೋ ಹಿಂದೆ, ಹೊರಗಿನ ಸಾಲಿನವರು ಮಂಜಿನೊಳಗೆ ಎಲ್ಲೋ ಮುಂದೆ.

“ಇದೇನು ಮಾಮ?” ಎಂದ ಯುವಕ ದಿಕ್ಕು ತೋಚದೆ.

“ದುಂಡಗಿನ ಓಟದಲ್ಲಿ ಹೊರಗಿನ ಸಾಲಿನವನಿಗೆ ಸುತ್ತು ಜಾಸ್ತಿ ಸ್ವಾಮಿ. ಎಲ್ಲರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿದರೆ ಅವನು ಪಾಪ ಜಾಸ್ತಿ ಓಡಬೇಕು. ಅದಕ್ಕೆ ಅವನನ್ನ ಮೊದಲೇ ಮುಂದೆ ನಿಲ್ಲಿಸೋದು. ಒಂದೇ ಜಾಗದಿಂದ ಹೊರಡಲ್ಲ ಅಂತ ನೀವೇ ಅಂದ್ರಲ್ಲ?”

ಯುವಕ ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿದ. “ಇದನ್ನ ಹೇಳೋಕೆ ನಾನು ಎರಡು ದಿನ ಗಂಟಲು ಹರ್ಕೊಂಡೆ” ಎಂದ. ಅವನ ದನಿ ಕೇಳಿದವರಿಗೆ ಗಂಟಲು ಹರಿದ ಸುದ್ದಿ ಹೊಸದು, ಎಲ್ಲರೂ ನಕ್ಕರು. “ಇವತ್ತಿನ ಮಟ್ಟಿಗೆ ಒಂದೇ ಗೆರೆ ಹಾಕಿಕೊಡಿ. ಆದರೆ ನೀವು ಒಳಗೆ ಹೋಗಬೇಡಿ, ಇಲ್ಲೇ ಸಾಲಲ್ಲಿ ನಿಲ್ಲಿ. ನೀವಿಲ್ಲದೆ ನಾನು ಶುರು ಮಾಡಲ್ಲ.”

ತನ್ನ ಗೆರೆಯೇ ಅವನನ್ನು ಹಿಡಿದುಕೊಟ್ಟಿತ್ತು. ಅವನು ಹೊಸ ಗೆರೆ ಎಳೆದು, ಅದರ ತುದಿಯಲ್ಲಿ ಕಾವಲುಗಾರನ ಪಕ್ಕ ನಿಂತ. ಹತ್ತಾರು ಜನರಾಚೆ ಮಗಳು ನಿಂತಿದ್ದಳು. ಆಟ ಮುಗಿಯುವವರೆಗೂ ಯಾರೂ ಹಿಂದೆ ತಿರುಗಬಾರದು ಎಂದು ಯುವಕ ಮೈಕಿನಲ್ಲಿ ಹೇಳಿದ.

ಪ್ರಶ್ನೆಗಳು ಮಂಜಿನೊಳಗಿಂದ ಒಂದೊಂದಾಗಿ ಬಂದವು. ಹೆತ್ತವರಿಬ್ಬರಿಗೂ ಓದು ಬರಹ ಬರುತ್ತಿದ್ದವರು ಮುಂದೆ. ಕತ್ತಲಾದ ಮೇಲೆ ಒಬ್ಬರೇ ನಡೆಯಲು ಹೆದರದವರು ಮುಂದೆ. ಯಾವ ಕಟ್ಟಡವನ್ನಾದರೂ ಇನ್ನೊಬ್ಬರ ನೆರವಿಲ್ಲದೆ ಹತ್ತಬಲ್ಲವರು ಮುಂದೆ. ಸಾಲು ಒಡೆದು, ಜನ ನಾಲ್ಕಾರು ಹೆಜ್ಜೆಗೇ ಬೂದು ನೆರಳುಗಳಾಗಿ, ಆಮೇಲೆ ನೆರಳೂ ಇಲ್ಲವಾದರು. ಗಾಲಿಕುರ್ಚಿಯ ಗ್ರಂಥಪಾಲಕಿ ಒಂದು ಪ್ರಶ್ನೆಗೆ ಮುಂದೆ ಸರಿದಾಗ ಗಾಲಿಗಳು ಗೆರೆಯ ಸುಣ್ಣವನ್ನು ಎರಡು ಪಟ್ಟಿಯಾಗಿ ಒಯ್ದವು. “ನಿಮ್ಮ ಗೆರೆ ಹಾಳು ಮಾಡಿದೆ ಮಾಮ” ಎಂದಳಾಕೆ. “ಹುಲ್ಲಿಗೂ ಗೆರೆಗೂ ಅಭ್ಯಾಸ ಇದೆ, ಹೋಗಿ ತಾಯಿ” ಎಂದ.

“ಓದೋಕೆ ಮನೇಲಿ ತಮ್ಮದೇ ಒಂದು ಕೋಣೆ ಇದ್ದವರು ಒಂದು ಹೆಜ್ಜೆ ಮುಂದೆ” ಎಂದಿತು ಮೈಕು.

ಮಗಳು ಮುಂದೆ ಹೋದಳು. ಇವನಿಗೆ ಆಶ್ಚರ್ಯ. ಅವರ ಮನೆಗೆ ಇದ್ದದ್ದೇ ಒಂದು ಕೋಣೆ. ಆಮೇಲೆ ಹೊಳೆಯಿತು. ಅವಳು ಚಿಕ್ಕವಳಿದ್ದಾಗ ಆ ಒಂದು ಕೋಣೆಯ ಮೂಲೆಯಲ್ಲಿ ಅವನು ಸುಣ್ಣದಿಂದ ಚೌಕ ಬರೆದು, ಇದು ಗುಬ್ಬಿಯ ಕೋಣೆ, ಕೇಳದೆ ಯಾರೂ ಒಳಗೆ ಬರಬಾರದು ಎಂದು ಹೇಳಿದ್ದ. ಅವಳಮ್ಮ ಕೂಡ ಗುಡಿಸಲು ಬಂದರೆ, “ಒಳಗೆ ಬರಲಾ ಅಮ್ಮಯ್ಯ?” ಎಂದು ಕೇಳುತ್ತಿದ್ದಳು. ಇಷ್ಟು ವರ್ಷದ ಮೇಲೆ, ಇಷ್ಟು ಜನರ ಮುಂದೆ, ಅವಳು ಅದನ್ನು ಕೋಣೆಯೆಂದು ಲೆಕ್ಕ ಹಿಡಿದಿದ್ದಳು.

ಹದಿಮೂರು ಪ್ರಶ್ನೆ ಮುಗಿಯುವ ಹೊತ್ತಿಗೆ ಮೂಲ ಗೆರೆಯ ಮೇಲೆ ಅವನೊಬ್ಬನೇ ಉಳಿದಿದ್ದ. ಕಾವಲುಗಾರ ಕೂಡ ಎರಡು ಹೆಜ್ಜೆ ಮುಂದಿದ್ದ.

“ತಮ್ಮವರು ಯಾರು ಅನ್ನೋದನ್ನ ಈ ಜಾಗದಲ್ಲಿ ಬಚ್ಚಿಟ್ಟವರು ಒಂದು ಹೆಜ್ಜೆ ಹಿಂದೆ ಹೋಗಿ.”

ಆಮೇಲೆ ಮಂಜಿನೊಳಗಿಂದ ಹುಲ್ಲಿನ ಮೇಲೆ ಹಿಮ್ಮಡಿ ಊರುವ ಸದ್ದು, ಒಂದು, ಇನ್ನೊಂದು, ಆಚೆ ಎಲ್ಲೋ ಮತ್ತೊಂದು. ಎಲ್ಲರಿಗಿಂತ ಮುಂದೆ ಹೋಗಿದ್ದ ಕುಲಸಚಿವರ ಅಗಲ ಬೆನ್ನು ಸಹ ಮಂಜಿನಿಂದ ಒಂದಿಷ್ಟು ಹೊರಗೆ ಬಂತು. ಅವರು ಯಾರನ್ನು ಬಚ್ಚಿಟ್ಟಿದ್ದರೋ. ಮಗಳು ನಿಂತಲ್ಲೇ ನಿಂತಿದ್ದಳು. ಅವಳು ಯಾರನ್ನೂ ಬಚ್ಚಿಟ್ಟಿರಲಿಲ್ಲ.

ನಾನು ಯಾರನ್ನು ಬಚ್ಚಿಟ್ಟೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಬಚ್ಚಿಟ್ಟುಕೊಂಡದ್ದು ನನ್ನನ್ನು, ಅವಳ ಒಳ್ಳೆಯದಕ್ಕೆ. ಅಷ್ಟರಲ್ಲಿ ಮಗಳು ತಿರುಗಿದಳು. ತಿರುಗಬಾರದೆಂಬ ಆಟದ ನಿಯಮವನ್ನು ಮುರಿದು, ಏರ್ಪಾಟು ಮಾಡಿದವಳೇ ತಿರುಗಿ, ನೆಟ್ಟಗೆ ಅವನನ್ನೇ ನೋಡಿದಳು. ಹನ್ನೊಂದು ವರ್ಷದಲ್ಲಿ ಗೇಟಿನೊಳಗೆ ಅವಳು ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ಮೇಡಂ ಇರಲಿಲ್ಲ. ಜಾತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಕೈತಪ್ಪಿದ ಮಗು ಹೇಗೆ ನೋಡುತ್ತದೋ ಹಾಗೆ ನೋಡುತ್ತಿದ್ದಳು. ಅವನಿಗೆ ಆಗ ಅರ್ಥವಾಯಿತು. ತಾನು ಹನ್ನೊಂದು ವರ್ಷ ಇಲ್ಲವೆಂದು ಹೇಳುತ್ತ ಬಂದದ್ದು ತನ್ನನ್ನಲ್ಲ, ಇವಳನ್ನು.

ಸುಣ್ಣದ ಮಾಮ ಒಂದು ಹೆಜ್ಜೆ ಹಿಂದಿಟ್ಟ.

“ಯಾರಾದರೂ ಏನಾದರೂ ಹೇಳಬೇಕಾ?” ಎಂದು ಮೈಕು ಕೇಳಿತು.

“ನಾನು” ಎಂದ. ಕೆಮ್ಮಿ ಮತ್ತೆ ಹೇಳಿದ. “ನಾನು ಹೇಳ್ತೀನಿ. ಆ ಗಣಿತದ ಮೇಡಂ ಇದ್ದಾಳಲ್ಲ, ಅವಳು ನನ್ನ ಮಗಳು. ನನ್ನ ಸ್ವಂತ ಮಗಳು.”

ಈಗ ಆಕಾಶ ತಲೆ ಮೇಲೆ ಬೀಳುತ್ತದೆ ಎಂದು ಅವನು ಕಣ್ಣು ಮುಚ್ಚಿಕೊಂಡ. ಬಿದ್ದದ್ದು ಕಾವಲುಗಾರನ ನಗು.

“ಗೊತ್ತೋ ಮಹಾರಾಯ! ಇಬ್ಬರೂ ಎಡಗಾಲು ಹೊರಗೆ ಚೆಲ್ಲಿ ನಡೀತೀರಿ. ಮೊದಲನೇ ವಾರವೇ ಗೊತ್ತಾಯ್ತು ನನಗೆ.”

“ಅವಳ ಪ್ರತಿ ಅರ್ಜಿ ಮೇಲೂ ತಂದೆಯ ಹೆಸರು ಅಂತ ಒಂದು ಜಾಗ ಇರುತ್ತಲ್ಲ ಮಾಮ” ಎಂದರು ಮಂಜಿನೊಳಗಿಂದ ಕುಲಸಚಿವರು. “ನಿಮಗೆ ಇಷ್ಟ ಇಲ್ಲವೇನೋ ಅಂತ ನಾವೂ ಸುಮ್ಮನಿದ್ವಿ.”

ತನಗೊಂದು ಹೆಸರಿದೆ, ಅದನ್ನು ಮಗಳು ಎಲ್ಲ ಕಡೆ ಬರೆದುಕೊಂಡು ಬಂದಿದ್ದಾಳೆ ಎಂಬುದು ಈ ಮನುಷ್ಯನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಮೈದಾನಕ್ಕೆ ಮೈದಾನವೇ ನಗುತ್ತಿತ್ತು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮಗಳು ಮಾತ್ರ ನಗಲಿಲ್ಲ. ಗೆದ್ದ ಹೆಜ್ಜೆಗಳನ್ನೆಲ್ಲ ಬಿಟ್ಟು ಹಿಂದೆ ನಡೆದು ಬಂದು ಅವನೆದುರು ನಿಂತಳು.

“ಎಲ್ಲರಿಗೂ ಗೊತ್ತು ಅಂತ ನಿನಗೆ ಗೊತ್ತಿತ್ತಾ?” ಎಂದು ಕೇಳಿದ.

“ಮೊದಲನೇ ವರ್ಷದಿಂದ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ಅವರಿಗೆ ಗೊತ್ತಾಗಿ ನನಗೇನಪ್ಪ ಆಗಬೇಕು? ನೀನು ಹೇಳಲಿ ಅಂತ ಕಾಯ್ತಿದ್ದೆ.”

ಅವನು ತಲೆ ತಗ್ಗಿಸಿದ. “ಆ ಕಾಗದಕ್ಕೆ ಏನು ಬರೀತೀಯ?”

“ಬರಲ್ಲ ಅಂತ ಬರೀತೀನಿ. ಆದರೆ ನನ್ನ ಸಿಟ್ಟು ಹೋಗಿದೆ ಅಂದ್ಕೋಬೇಡ.” ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. “ಈ ಮೈದಾನದಲ್ಲಿ ನನ್ನ ಘಟಿಕೋತ್ಸವ ಆದ ದಿನ ನೀನು ಎಲ್ಲಿದ್ದೆ?”

“ಇಲ್ಲೇ ಇದ್ದೆ ಗುಬ್ಬಿ. ಸಾಮಾನು ಕೋಣೆ ಕಿಟಕಿಯಿಂದ ಎಲ್ಲ ನೋಡಿದೆ. ನೀನು ವೇದಿಕೆ ಹತ್ತಿದ್ದು, ಪದಕ ಹಾಕಿಸಿಕೊಂಡಿದ್ದು, ಇಳಿಯುವಾಗ ಎಡವಿದ್ದು. ಒಂದೂ ಬಿಡದೆ ನೋಡಿದೆ.”

“ನೀನು ನೋಡಿದೆ” ಎಂದಳು ಮಗಳು. “ನಾನು ಅಷ್ಟು ಕುರ್ಚಿಗಳಲ್ಲಿ ಹುಡುಕಿ ಹುಡುಕಿ, ನಿನ್ನನ್ನ ನೋಡಲಿಲ್ಲವಲ್ಲಪ್ಪ.”

ಮೈಕು ಹದಿನೈದನೆಯ ಪ್ರಶ್ನೆಯನ್ನು ಓದುತ್ತಿತ್ತು. ಮಂಜಿನಲ್ಲಿ ಜನ ಮುಂದೆ ಹೋಗುತ್ತಿದ್ದರು. ಸುಣ್ಣದ ಮಾಮ ತಗ್ಗಿಸಿದ ತಲೆ ಎತ್ತಿದ, ಒದ್ದೆ ಮುಖ ಒರೆಸಿಕೊಳ್ಳದೆ ಹಾಗೆಯೇ ನಿಂತ, ಅವಳು ಬೇಕಾದಷ್ಟು ಹೊತ್ತು ತನ್ನನ್ನು ನೋಡಲಿ ಎಂದು.